ಅಳತೆಗೆ ನಿಂತ ಮನುಷ್ಯ

"ಇವ್ರು ನಮ್ಮೆಜಮಾನ್ರು ಕಣಮ್ನೋರೆ," ಎಂದಳು ಮರಿತಾಯಮ್ಮ.

ಅವಳ ಬೆರಳು ಪುಟದ ನಡುವೆ ನಿಂತಿತ್ತು. ಉಗುರಿನ ಸಂದಿಯಲ್ಲಿ ಬೆಳಗಿನ ರಾಗಿಹಿಟ್ಟು ಇನ್ನೂ ಒಣಗಿಕೊಂಡಿತ್ತು.

ಚೂಡಾಮಣಿ ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದಳು. ಆ ಪುಟವನ್ನು ಅವಳು ಪ್ರೂಫಿನಲ್ಲೇ ಮೂರು ಸಲ ಓದಿದ್ದಳು. ಮಂಡ್ಯದ ಕಾಲೇಜಿನ ಲೈಬ್ರರಿಯಲ್ಲಿ ಅವಳು ಸಹಾಯಕಿ. ಅದೇ ಕೋಣೆಯ ಮೂಲೆಯ ಮೇಜಿನಿಂದ ಎಂಜಿನಿಯರುಗಳ ಸಂಘವೊಂದು ಮಣ್ಣು ಮತ್ತು ತಳಪಾಯಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ತ್ರೈಮಾಸಿಕ ಹೊರಡಿಸುತ್ತಿತ್ತು. ಅದರ ಪ್ರೂಫು, ಚಿತ್ರ, ಅಂಚೆ ಎಲ್ಲವೂ ಅವಳ ಕೈಯಲ್ಲೇ ಹಾದುಹೋಗುತ್ತಿದ್ದವು.

ಚಿತ್ರ ನಾಲ್ಕು. ಮಳವಳ್ಳಿ ರಸ್ತೆಯ ಹೊಸಕೊಪ್ಪಲಿನಲ್ಲಿ ತೋಡಿದ ಪರೀಕ್ಷಾ ಗುಂಡಿ. ಅಳತೆಗಾಗಿ ಮನುಷ್ಯ. ಸೆಪ್ಟೆಂಬರ್ ೧೯೭೪.

ಮಣ್ಣಿನ ಫೋಟೋಗೆ ಗಾತ್ರ ಗೊತ್ತಾಗುವುದಿಲ್ಲ. ಅಂಗೈಯಗಲದ ಬಿರುಕೂ ಆಳುದ್ದದ ಬಿರುಕೂ ಒಂದೇ ಥರ ಕಾಣುತ್ತವೆ. ಅದಕ್ಕೇ ಭೂವಿಜ್ಞಾನದವರು ಪಕ್ಕದಲ್ಲಿ ಒಂದು ಸುತ್ತಿಗೆಯನ್ನೋ ನಾಣ್ಯವನ್ನೋ ಇಡುತ್ತಾರೆ. ಗುಂಡಿ ದೊಡ್ಡದಾದರೆ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಾರೆ. ಆ ಮನುಷ್ಯನಿಗೆ ಹೆಸರಿರುವುದಿಲ್ಲ.

ಇವನಿಗೆ ಹೆಸರಿತ್ತು. ಕೆಂಪಸಿದ್ದಯ್ಯ, ಮಣ್ಣಿನ ಲ್ಯಾಬಿನ ಅಟೆಂಡರ್. ಯುವ ಲೆಕ್ಚರರ್ ಸಂಪತ್ ಕುಮಾರನನ್ನು ನಾಲೆಗೆ ನೂಕಿದನೆಂಬ ಆರೋಪದ ಮೇಲೆ ಮದ್ದೂರಿನಲ್ಲಿ ಕಸ್ಟಡಿಯಲ್ಲಿದ್ದ. ಸೋಮವಾರ ಚಾರ್ಜ್‌ಶೀಟು. ಇವತ್ತು ಶನಿವಾರ.

"ಅಂಗೀನೂ ಆಕ್ಕೊಳ್ದೆ ಪುಸ್ತಕಕ್ಕೆ ನಿಂತವ್ರೆ ನೋಡಿ," ಎಂದಳು ಮರಿತಾಯಮ್ಮ. "ಒಂದ್ ಮಾತು ಏಳಿದ್ರೆ ಬನೀನಾದ್ರೂ ಒಗ್ದು ಕೊಡ್ತಿರ್ಲಿಲ್ವಾ?"

ಕಪಾಟಿನ ಧೂಳು ಹೊಡೆಯುತ್ತಿದ್ದ ಜವಾನ ಚಿಕ್ಕಬೋರಯ್ಯ ಅಲ್ಲಿಂದಲೇ ಅಂದ: "ಮಣ್ಣೇನು ಮದ್ವೆಗೆ ಕರ್ದಿತ್ತೇನಕ್ಕ, ಬನೀನ್ ಆಕ್ಕಂಡು ಓಗಕ್ಕೆ?"

"ನೀ ಸುಮ್ನಿರು ಬೋರಣ್ಣ. ಅಮ್ನೋರೆ, ಇದು ಯಾವಾಗ ಇಡ್ದಿದ್ದು?"

"ಸೆಪ್ಟೆಂಬರಲ್ಲಿ. ಗೌರಿ ಹಬ್ಬದ ಸುಮಾರಿಗೆ. ಕೆಳಗೇ ಬರೆದಿದೆ."

"ಬರ್ದೋರಿಗೆ ಕಣ್ಣಿರ್ಲಿಲ್ವಾ? ತಲೆ ನೋಡಿ, ತಲೆಯ."

ಚೂಡಾಮಣಿ ನೋಡಿದಳು. ಗುಂಡಿಯ ಅಂಚಿನಿಂದ ಒಂದು ಮಾರು ಕೆಳಗೆ ಆ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ನುಣ್ಣನೆಯ ಬೋಳು.

"ಉಗಾದಿಗೆ ಬೆಟ್ಟಕ್ಕೋಗಿ ಮಾದಪ್ಪಂಗೆ ಮುಡಿ ಕೊಟ್ಟು ಬಂದ್ರು. ಮಗೀಗೆ ಜ್ವರ ಇಳೀಲಿ ಅಂತ ನಾನೇ ಅರಸ್ಕೊಂಡಿದ್ದೆ. ಅವ್ರ ಕೂದ್ಲು ಎಂತಾದ್ದು ಅಂತೀರಿ? ಗದ್ದೆ ಕಳೆ ಇದ್ದಂಗೆ. ಭೀಮನಮಾಸೆ ಒತ್ಗೆ ಕಿವಿ ಮುಚ್ತು. ಗೌರಿ ಅಬ್ಬಕ್ಕೆ ನಾನೇ ಬೈದು ಕಟಿಂಗ್ ಸಾಪಿಗೆ ಅಟ್ಟಿದ್ದೆ."

ಚೂಡಾಮಣಿ ಪುಟವನ್ನು ಬೆಳಕಿಗೆ ತಿರುಗಿಸಿದಳು. ಕಳೆದ ವರ್ಷ ಯುಗಾದಿಗೆ ಮೊದಲೇ ಟೈಫಾಯಿಡ್ ಹಿಡಿದು ಅವಳು ಮೇಲುಕೋಟೆಯ ತವರಿನಲ್ಲಿ ಮಲಗಿದ್ದಳು. ಮೇ ಕೊನೆಗೆ ಕೆಲಸಕ್ಕೆ ಮರಳಿದಾಗ ಕೆಂಪಸಿದ್ದಯ್ಯನ ತಲೆಯಲ್ಲಿ ಕೂದಲಿತ್ತು. ಆದರೂ ಪ್ರೂಫಿನಲ್ಲಿ ಮೂರು ಸಲ ಈ ಬೋಳು ಅವಳ ಕಣ್ಣೆದುರಿಗೇ ಇತ್ತಲ್ಲ. ಅವಳು ನೋಡಿದ್ದು ಅವನನ್ನಲ್ಲ. ಐದಡಿ ನಾಲ್ಕಂಗುಲವನ್ನು.

"ಇನ್ನೊಂದು ಅಮ್ನೋರೆ. ಅದು ನನ್ ತವ್ರೂರು. ನಾಲೆ ಪಕ್ಕದ ಒಲ ಅದು. ನಾಲೆ ಬುಟ್ಟಾಗ ನಮ್ ಬಾವೀಲಿ ಬಗ್ಗಿ ಚೊಂಬಲ್ಲಿ ಮೊಗೀತೀವಿ. ನಾಲೆ ಕಟ್ದಾಗ ಎಲ್ಡು ಅಗ್ಗ ಕಟ್ಟುದ್ರೂ ಸಾಲ್ದು. ಗೌರಿ ಅಬ್ಬದಾಗೆ ಆ ಗುಂಡೀಲಿ ನಿಂತಿದ್ರೆ ಇವ್ರ ಎದೆಗೆ ನೀರ್ ಬರ್ಬೇಕಿತ್ತು. ಪಂಚೆ ತುದೀನೂ ನೆಂದಿಲ್ವಲ್ಲ."

ಪೊಲೀಸರು ಹಿಡಿದ ದಿನದಿಂದ ಕೆಂಪಸಿದ್ದಯ್ಯ ಹೇಳುತ್ತಿದ್ದುದು ಇದನ್ನೇ. ಗುಂಡಿ ತೋಡಿದ್ದು ಯುಗಾದಿಯ ಹೊತ್ತಿಗೆ, ಗೌರಿ ಹಬ್ಬಕ್ಕಲ್ಲ. ಆ ನಿಜ ಹೇಳಹೋಗಿ ಸಂಪತ್ ಸ್ವಾಮಿಯೋರು ಸತ್ತರು. ಇನ್ಸ್‌ಪೆಕ್ಟರ್ ಚೌಡಯ್ಯ ತಾಳ್ಮೆಯ ಮನುಷ್ಯ, ಕೇಳಿಸಿಕೊಂಡಿದ್ದರು. ಆದರೆ ಪತ್ರಿಕೆಯಲ್ಲಿ ಸೆಪ್ಟೆಂಬರ್ ಎಂದು ಅಚ್ಚಾಗಿತ್ತು. ಅಚ್ಚಾದ ಅಕ್ಷರದ ಮುಂದೆ ಗುಂಡಿ ತೋಡುವವನ ಮಾತು ನಿಲ್ಲಲಿಲ್ಲ; ಆ ದಿನ ಜೊತೆಗೆ ಯಾರಿದ್ದರೆಂದು ಯಾರೂ ಕೇಳಲಿಲ್ಲ. ಹೊಸಕೊಪ್ಪಲಿನವರು ಯಾರೂ ಬಾಯಿ ಬಿಡಲಿಲ್ಲ. ಆ ಗುಂಡಿಯ ಜಾಗದಲ್ಲಿ ಎತ್ತರದ ನೀರಿನ ಟ್ಯಾಂಕು ಎದ್ದಿತ್ತು. ಊರಿಗೆ ನಲ್ಲಿ ನೀರು ಬೇಕಾಗಿತ್ತು. ನಾಲೆ ತುಂಬಿ ಹರಿಯುವ ಸೆಪ್ಟೆಂಬರಿನಲ್ಲೂ ಹತ್ತಡಿಯವರೆಗೆ ಮಣ್ಣು ಒಣಗಿಯೇ ಇತ್ತು, ಆಳದ ತಳಪಾಯ ಬೇಕಿಲ್ಲ ಎಂದು ಲೇಖನ ಹೇಳಿತ್ತು. ಟ್ಯಾಂಕು ನಿಂತದ್ದು ಆ ಒಂದು ವಾಕ್ಯದ ಮೇಲೆ.

"ಮರಿತಾಯಮ್ಮ, ಈ ಮಾತನ್ನ ಇನ್ಸ್‌ಪೆಕ್ಟರ ಮುಂದೆ ಹೇಳ್ತೀರಾ?"

"ಯಮನ ಮುಂದೆ ಬೇಕಾದ್ರೂ ಏಳ್ತೀನಿ. ಮುಡಿ ತಗ್ದ ಬೆಳ್ಳಮ್ಮನ ಗಂಡ ಅವ್ನೆ, ಬೆಟ್ಟಕ್ಕೆ ಜೊತೇಲಿ ಬಂದೋರು ಅವ್ರೆ. ನಾನು ಕರ್ದ್ರೆ ಬತ್ತಾರೆ. ಪೋಲೀಸ್ನೋರು ಕರ್ದ್ರೆ ಬರಾಕಿಲ್ಲ."

ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಅವಳು ಇನ್ನಷ್ಟು ಹತ್ತಿರಕ್ಕೆಳೆದುಕೊಂಡಳು. ಗಂಡನಿಗೆಂದು ಕಟ್ಟಿ ತಂದದ್ದು. ಮೇಜಿನ ಮೇಲಿಡಿ ಎಂದು ಚಿಕ್ಕಬೋರಯ್ಯ ಕೈಚಾಚಿದರೂ ಕೊಟ್ಟಿರಲಿಲ್ಲ. "ಬ್ಯಾಡ ಕಣಣ್ಣ. ಇದು ನನ್ ಕೈಯಿಂದ್ಲೇ ಅವ್ರ ಕೈಗೋಗ್ಬೇಕು."

ಚೂಡಾಮಣಿ ಎದ್ದು ಬೀರು ತೆರೆದಳು.

ಪ್ರತಿ ಲೇಖನಕ್ಕೂ ಒಂದು ಲಕೋಟೆ. ಚಿತ್ರದ ಅಚ್ಚಿಗೆ ಲೋಹದ ಬ್ಲಾಕು ಮಾಡುವವರು ಫೋಟೋಗಳನ್ನು ಹಿಂದಿರುಗಿಸಿದ ಮೇಲೆ ಅವಳು ಅವನ್ನು ಬಿಸಾಡುತ್ತಿರಲಿಲ್ಲ. ಬಿಸಾಡುವ ಧೈರ್ಯ ಅವಳಿಗೆ ಯಾವುದರಲ್ಲೂ ಇರಲಿಲ್ಲ.

ಮೂಲ ಫೋಟೋ ಅಚ್ಚಾದ ಚಿತ್ರದ ಎರಡರಷ್ಟಿತ್ತು. ಅದರ ನಡುವೆ ಮೇಲಿಂದ ಕೆಳಕ್ಕೆ ಕೆಂಪು ಪೆನ್ಸಿಲಿನ ನೇರ ಗೆರೆ. ಬ್ಲಾಕಿನವರಿಗೆ ಗುರುತು: ಇಲ್ಲಿಂದ ಆಚೆ ಬೇಡ. ಸ್ಕೇಲು ಇಟ್ಟು ಆ ಗೆರೆ ಎಳೆದವಳು ಅವಳೇ. ಪತ್ರಿಕೆಯ ನಿಯಮ ಹಾಗಿತ್ತು. ಗುಂಡಿ ಬೇಕು, ಅಳತೆಗೆ ಮನುಷ್ಯ ಬೇಕು, ಉಳಿದದ್ದು ಪುಟಕ್ಕೆ ಹೊರೆ.

ಗೆರೆಯ ಬಲಕ್ಕೆ ಗುಂಡಿ, ಕೆಂಪಸಿದ್ದಯ್ಯ.

ಎಡಕ್ಕೆ, ಅವಳು ಬೇಡವೆಂದ ಕಡೆ, ನಾಲೆ. ಅದರಲ್ಲಿ ನೀರಿರಲಿಲ್ಲ. ಬಿರುಕುಬಿಟ್ಟ ತಳದಲ್ಲಿ ಆರು ಕುರಿಗಳು ನಿಂತು ಏನನ್ನೋ ಮೇಯುತ್ತಿದ್ದವು. ದಂಡೆಯ ಮೇಲೆ ಕೊಡೆ ಬಿಚ್ಚಿಕೊಂಡು, ತೊಡೆಯ ಮೇಲೆ ನೋಟುಬುಕ್ಕಿಟ್ಟು ಬರೆಯುತ್ತಿದ್ದವನು ಸಂಪತ್ ಕುಮಾರ.

ಫೋಟೋವನ್ನು ಲೇಖನದ ಜೊತೆ ತಂದುಕೊಟ್ಟವನೂ ಅವನೇ. ಗುಂಡಿಯೊಂದರದೇ ಚಿತ್ರ ಬೇಕಿದ್ದರೆ ಹಾಗೇ ಪ್ರಿಂಟು ಹಾಕಿಸಿ ಕೊಡಬಹುದಿತ್ತು. ಅವನು ಕುರಿಗಳ ಸಮೇತ ಕೊಟ್ಟಿದ್ದ. ದೊಡ್ಡವರ ಲೇಖನದಲ್ಲಿ ತಿಂಗಳು ತಿದ್ದುವ ಧೈರ್ಯ ಅವನಿಗಿರಲಿಲ್ಲ. ಓದುವವರು ಯಾರಾದರೂ ಕಣ್ಣಿಟ್ಟು ನೋಡಲಿ ಎಂದು ಒಣ ನಾಲೆಯನ್ನು ಚಿತ್ರದಲ್ಲಿಟ್ಟು ಕಳಿಸಿದ್ದ.

ಅವಳು ಸ್ಕೇಲು ಇಟ್ಟು ಅದನ್ನು ಅಚ್ಚಿನಿಂದ ಕತ್ತರಿಸಿದ್ದಳು.

ಸಾಯುವುದಕ್ಕೆ ಮೂರು ದಿನ ಮೊದಲು ಅವನು ಇದೇ ಮೇಜಿನ ಮುಂದೆ ನಿಂತಿದ್ದ. ಪತ್ರಿಕೆಯ ಕೊನೆಗೆ 'ಚರ್ಚೆ' ಎಂಬ ಅಂಕಣವುಂಟು. ಅಚ್ಚಾದ ಲೇಖನದಲ್ಲಿ ತಪ್ಪು ಕಂಡವರು ಮೂರು ತಿಂಗಳೊಳಗೆ ಬರೆದರೆ ಹಾಕಲೇಬೇಕು. "ಲೇಖಕನೇ ತನ್ನ ಲೇಖನದ ಮೇಲೆ ಚರ್ಚೆ ಬರೀಬಹುದಾ ಮೇಡಂ?" ಎಂದು ಕೇಳಿದ್ದ. ಯಾಕೆ ಎಂದು ಅವಳು ಕೇಳಲಿಲ್ಲ. "ಅಂಥದು ಬಂದಿಲ್ಲ. ಸಂಘದ ಕಾರ್ಯದರ್ಶಿಗಳನ್ನ ಕೇಳಿ ಹೇಳ್ತೀನಿ," ಎಂದಿದ್ದಳು. ಕೇಳಿಯೂ ಇದ್ದಳು.

ಬಾಗಿಲ ಬಳಿ ಬೆತ್ತದ ಸದ್ದಾಯಿತು.

"ಏನು ಮಗು, ಶನಿವಾರಾನೂ ಬಿಡುವಿಲ್ವೇ?"

ಚಲುವನಾರಾಯಣ. ನಿವೃತ್ತ ಎಂಜಿನಿಯರು, ಸಂಘದ ಕಾರ್ಯದರ್ಶಿ. ಎಪ್ಪತ್ತು ಸಮೀಪಿಸಿದರೂ ಬೆನ್ನು ಬಾಗದ ಮನುಷ್ಯ. ಕೆಂಪಸಿದ್ದಯ್ಯನಿಗೆ ವಕೀಲರನ್ನು ಗೊತ್ತುಮಾಡಿಕೊಟ್ಟವರು ಅವರೇ. ಮರಿತಾಯಮ್ಮ ಎದ್ದು ನಿಂತು ಸೆರಗು ಸರಿಪಡಿಸಿಕೊಂಡಳು.

ಚೂಡಾಮಣಿಗೆ ಹೋದ ಉಸಿರು ಬಂದಂತಾಯಿತು. ಮಾತನ್ನು ತೂಗಿ ಆಡುವವಳು ಅಂದು ತೂಗಲಿಲ್ಲ. ಬೋಳು ತಲೆ, ಒಣ ಪಂಚೆ, ಕುರಿಗಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಫೋಟೋ ಮುಂದಿಟ್ಟಳು.

ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕ್ಯಾಮರಾ ಹಿಡಿದೋರು ಯಾರಮ್ಮ ಇಲ್ಲಿ?"

"ಪ್ರೊಫೆಸರೇ ಇರಬೇಕು ಸಾರ್. ಕಸ್ತೂರಿರಂಗ ಅವರು. ಲೇಖನದ ಮೇಲಿರೋದು ಎರಡೇ ಹೆಸರು, ಅವರದು ಮತ್ತೆ ಸಂಪತ್‌ದು. ಸಂಪತ್ ಚಿತ್ರದೊಳಗೇ ಇದ್ದಾನೆ."

"ಹೌದಲ್ಲ," ಎಂದರು. "ಇರಬೇಕು. ನೆಗೆಟಿವ್ ಇದೆಯೋ?"

"ಇಲ್ಲ ಸಾರ್. ನಮ್ಮ ಹತ್ತಿರ ಇರೋದು ಇದೊಂದೇ ಪ್ರಿಂಟು."

"ಸೋಮವಾರದವರೆಗೆ ಕಾಯೋ ವಿಷಯ ಅಲ್ಲ ಇದು. ನಾನು ಮದ್ದೂರಿಗೇ ಹೊರಟಿದ್ದೀನಿ. ಈಯಮ್ಮನ್ನೂ ಕರಕೊಂಡು ಹೋಗಿ ಚೌಡಯ್ಯನ ಮುಂದೆ ಕೂರಿಸ್ತೀನಿ. ಬಾಮ್ಮ, ಕಾರಲ್ಲಿ ಕೂತಿದ್ದೀಯೋ ಎಂದಾದ್ರೂ?"

"ಬಸ್ಸೇ ಸಾಕಿತ್ತು ಬುದ್ಧಿ," ಎಂದಳು ಮರಿತಾಯಮ್ಮ. ಮುಖ ಮಾತ್ರ ಅರಳಿತ್ತು.

ಹೊರಗೆ ಹೋಗುವ ಯಾವ ಕಾಗದವನ್ನೂ ಸಹಿ ಇಲ್ಲದೆ ಕೊಟ್ಟು ಚೂಡಾಮಣಿಗೆ ರೂಢಿಯಿರಲಿಲ್ಲ. ರವಾನೆ ಪುಸ್ತಕ ತೆರೆದು, "ಫೋಟೋ ಒಂದು, ಇಡೀ ಚಿತ್ರ" ಎಂದು ಬರೆದು ಮುಂದೆ ನೂಕಿದಳು. ಅವರು ನಕ್ಕರು.

"ನನ್ನ ಮೇಲೂ ಅನುಮಾನವೇ ಮಗು?"

"ನಿಯಮ ಸಾರ್."

ಸಹಿ ಹಾಕಿದರು. ಕೊನೆಯ ಅಕ್ಷರದಿಂದ ಒಂದು ಬಾಲ ಹೊರಟು ಹಿಂದಕ್ಕೆ ಹೋಗಿ ಇಡೀ ಹೆಸರಿನ ಕೆಳಗೆ ಹಾವಿನಂತೆ ಸುತ್ತಿಕೊಂಡಿತು.

ಹನ್ನೊಂದೂಕಾಲಕ್ಕೆ ಕಾರು ಗೇಟು ದಾಟಿತು. ಹಿಂದಿನ ಗಾಜಿನಲ್ಲಿ ಮರಿತಾಯಮ್ಮನ ತಲೆ, ಮಡಿಲಲ್ಲಿ ಗಂಟು ಹಿಡಿದ ಭುಜದ ಬಾಗು, ಅಷ್ಟೇ ಕಂಡಿತು.

*

ಮಣ್ಣಿನ ಲ್ಯಾಬಿನಲ್ಲಿ ಕರಗಿದ ಮೇಣದ ವಾಸನೆಯಿತ್ತು. ನೆಲದಾಳದಿಂದ ತೆಗೆದ ಮಣ್ಣು ಒಣಗದಿರಲೆಂದು ಕೊಳವೆಗಳ ಬಾಯಿಗೆ ಮೇಣ ಸುರಿಯುತ್ತಾರೆ. ಆ ಕೆಲಸ ಕೆಂಪಸಿದ್ದಯ್ಯನದು. ಈಗ ಪ್ರೊಫೆಸರ್ ಕಸ್ತೂರಿರಂಗ ತಾವೇ ಅದನ್ನು ಮಾಡುತ್ತಿದ್ದರು, ಸರಿಯಾಗಿ ಬರುತ್ತಿರಲಿಲ್ಲ. ಪಂಚೆಯ ಮೇಲೆಲ್ಲ ಮೇಣದ ತೊಟ್ಟುಗಳು.

ಚೂಡಾಮಣಿ ಬಾಗಿಲನ್ನು ಪೂರ್ತಿ ತೆರೆದಿಟ್ಟೇ ಒಳಗೆ ಬಂದಳು. ಆಚೆ ಮೆಟ್ಟಿಲ ಬಳಿ ಬೀಡಿ ಸೇದುತ್ತ ಕೂತಿರಲು ಚಿಕ್ಕಬೋರಯ್ಯನಿಗೆ ಹೇಳಿದ್ದಳು.

"ಪ್ರೂಫು ಸೋಮವಾರ ಕೊಡ್ತೀನಮ್ಮ," ಎಂದರು ಅವರು ತಲೆಯೆತ್ತದೆ.

"ಪ್ರೂಫಿಗೆ ಬಂದಿಲ್ಲ ಸಾರ್. ಹೊಸಕೊಪ್ಪಲಿನ ಗುಂಡಿ."

ಮೇಣದ ಪಾತ್ರೆ ಕೊಳವೆಯ ಬಾಯಿಗೆ ತಾಗಿ ಟಣ್ ಎಂದಿತು.

"ಅದು ಮುಗಿದ ಕಥೆ. ಅಚ್ಚಾಗಿದೆ."

"ಅಚ್ಚಾದದ್ದು ಸುಳ್ಳು ಸಾರ್. ಆ ಗುಂಡಿ ಏಪ್ರಿಲಿನದು."

"ಯಾರು ಹೇಳಿದ್ದು?"

"ಒಂದು ಬೋಳು ತಲೆ. ಆರು ಕುರಿಗಳು."

ಅವಳು ವಿವರಿಸಿದಳು. ಮಾತುಗಳು ಒಂದರ ಹಿಂದೊಂದು ಸಾಲಾಗಿ ಬಂದವು. ಪ್ರೊಫೆಸರು ಕೇಳುತ್ತ ಕೇಳುತ್ತ ಸ್ಟೂಲಿನ ಮೇಲೆ ಕುಸಿದು ಕೂತರು. ಅವರ ಮುಖದಲ್ಲಿ ಸಿಕ್ಕಿಬಿದ್ದವನ ಗಾಬರಿಯನ್ನು ಹುಡುಕಿದ ಚೂಡಾಮಣಿಗೆ ಕಂಡದ್ದು ಬೇರೆ: ಸುಸ್ತು.

"ಗುಂಡಿಯೊಳಗೆ ಕೆಂಪಸಿದ್ದಯ್ಯ. ಕೊಡೆ ಕೆಳಗೆ ಸಂಪತ್. ಇಬ್ಬರೂ ಕ್ಯಾಮರಾದ ಮುಂದಿದ್ದಾರೆ. ಹಿಂದಿದ್ದವರು ನೀವು ಅಲ್ಲವಾ ಸಾರ್?"

"ಚೂಡಾಮಣಿ," ಎಂದರು ಅವರು. "ನಾನು ಆ ಊರನ್ನ ನೋಡೇ ಇಲ್ಲಮ್ಮ."

"ಲೇಖನದ ಮೊದಲ ಹೆಸರು ನಿಮ್ಮದು."

"ವಿಭಾಗದ ಮುಖ್ಯಸ್ಥನ ಹೆಸರು ಮೊದಲು ಬರುತ್ತೆ. ನಮ್ಮ ಮೇಷ್ಟ್ರು ಹಾಗೆ ಮಾಡಿದ್ರು, ನಾನೂ ಮಾಡಿದೆ. ಹನ್ನೊಂದು ಲೇಖನ ಇವೆ ನನ್ನವು. ಅದರಲ್ಲಿ ನಾನು ಕಾಲಿಟ್ಟ ಜಾಗ ನಾಲ್ಕು."

"ಇದನ್ನ ನಾನು ನಂಬಬೇಕಾ?"

"ನನ್ನ ನಂಬಬೇಡ. ನಿನ್ನ ಪತ್ರಿಕೆಯನ್ನೇ ನಂಬು. ಹೋದ ಜೂನ್ ಸಂಚಿಕೆ, ಕೊನೇ ಪುಟ."

ಅವಳಿಗೆ ಸಂಚಿಕೆ ತೆಗೆದು ನೋಡಬೇಕಾಗಿರಲಿಲ್ಲ. ಕಾಯಿಲೆಯಿಂದೆದ್ದು ಬಂದು ಮೊದಲು ಓದಿದ ಪ್ರೂಫು ಅದು. ಏಪ್ರಿಲ್ ಒಂದರಿಂದ ಆರರವರೆಗೆ ದೆಹಲಿಯಲ್ಲಿ ಮಣ್ಣಿನ ಸಮ್ಮೇಳನ. ಆರೂ ದಿನ ಗೋಷ್ಠಿ ನಡೆಸಿಕೊಟ್ಟವರು ಪ್ರೊಫೆಸರ್ ಕಸ್ತೂರಿರಂಗ. ರೈಲಿನಲ್ಲಿ ಹೋಗಿಬರುವ ದಿನಗಳನ್ನು ಸೇರಿಸಿದರೆ ಯುಗಾದಿಯ ನಂತರದ ಎರಡು ವಾರ ಅವರು ಮಂಡ್ಯದಲ್ಲೇ ಇರಲಿಲ್ಲ.

ಇಷ್ಟು ಹೊತ್ತು ಅವಳು ಬಿಗಿಯಾಗಿ ಹಿಡಿದಿದ್ದ ಹಗ್ಗದ ಆಚೆ ತುದಿಗೆ ಯಾರೂ ಇರಲಿಲ್ಲ.

"ಹಾಗಾದ್ರೆ ಸೆಪ್ಟೆಂಬರ್ ಅಂತ ಬರೆದವರು ಯಾರು?"

"ಸಂಪತ್ ಬರೆದ ಹಸ್ತಪ್ರತಿಯಲ್ಲಿ ತಿಂಗಳೇ ಇರಲಿಲ್ಲ. ಟೈಪಾಗಿ ಬಂದಾಗ ಇತ್ತು. ಓದಿದೆ. ಸಹಿ ಹಾಕಿದೆ."

"ಅನುಮಾನ ಬರಲಿಲ್ವಾ?"

ಅವರು ಪಂಚೆಯ ಮೇಲಿನ ಮೇಣವನ್ನು ಉಗುರಿನಿಂದ ಕೆರೆಯತೊಡಗಿದರು.

"ಬಂತು. ಆ ಹುಡುಗನೂ ಬಂದ. 'ಸಾರ್, ನಾಲೆ ಬಿಟ್ಟ ಮೇಲೆ ಇನ್ನೊಂದು ಗುಂಡಿ ತೋಡಿ ನೋಡೋಣ' ಅಂದ. ಮುಂದಿನ ವರ್ಷ ನೋಡೋಣಪ್ಪ ಅಂದೆ. ಅದೇ ನಾನು ಅವನಿಗೆ ಮಾಡಿದ್ದು. ನೂಕಿಲ್ಲ ನಾನು ಅವನನ್ನ. ಕೈಯನ್ನೂ ಕೊಡಲಿಲ್ಲ."

"ಟೈಪು 'ಬಂದಾಗ' ಅಂದಿರಿ. ಎಲ್ಲಿಂದ ಬಂತು?"

ಅವರು ಇನ್ನೊಂದು ಕೊಳವೆಯನ್ನು ಕೈಗೆತ್ತಿಕೊಂಡರು.

"ಸಾರ್, ಸೋಮವಾರ ಕೆಂಪಸಿದ್ದಯ್ಯನ ಮೇಲೆ ಕೊಲೆ ಅಂತ ಬರೀತಾರೆ. ಹದಿನಾಲ್ಕು ವರ್ಷದಿಂದ ಈ ಲ್ಯಾಬಿನ ಮೇಣ ಕಾಯಿಸಿದ್ದಾನೆ ಅವನು. ನಿಮ್ಮ ಹನ್ನೊಂದು ಲೇಖನಕ್ಕೂ ಅಳತೆಗೆ ನಿಂತಿದ್ದಾನೆ."

ಕಸ್ತೂರಿರಂಗ ಬಾಗಿಲ ಕಡೆ ನೋಡಿದರು. ಆಚೆ ಚಿಕ್ಕಬೋರಯ್ಯನ ಬೀಡಿಯ ಹೊಗೆ ಬಿಟ್ಟರೆ ಬೇರೇನಿರಲಿಲ್ಲ. ಆದರೂ ದನಿ ತಗ್ಗಿಸಿದರು.

"ಆ ಟ್ಯಾಂಕಿನ ನಕ್ಷೆ ಮಾಡಿದವರ ಮನೆಯಲ್ಲಿ ಟೈಪಾಯ್ತು."

"ಯಾರು ಅವರು?"

"ಕ್ಯಾಮರಾ ಯಾರದಮ್ಮ?"

"ಸಂಘದ್ದು. ನಮ್ಮ ಬೀರುವಿನಲ್ಲೇ ಇರೋದು. ತಗೊಂಡು ಹೋಗೋರು ಸಹಿ ಹಾಕಬೇಕು."

"ಮತ್ತೆ ನನ್ನ ಬಾಯಿಂದ ಯಾಕೆ ಹೊರಡಿಸ್ತೀಯ? ನನಗೆ ಪಿಂಚಣಿಗೆ ಇನ್ನು ಎರಡು ವರ್ಷ ಇದೆ. ಹೋಗಿ ನಿನ್ನ ಪುಸ್ತಕವನ್ನ ಕೇಳು. ಅದಕ್ಕೆ ಪಿಂಚಣಿ ಇಲ್ಲ."

*

ಮೆಟ್ಟಿಲಿಳಿಯುವಾಗ ಚಿಕ್ಕಬೋರಯ್ಯನನ್ನು ಕೇಳಿದಳು: "ಹೋದ ವರ್ಷ ನಾನು ರಜದಲ್ಲಿದ್ದಾಗ ಕ್ಯಾಮರಾ ಕೊಡ್ತಿದ್ದದ್ದು ನೀನೇ ಅಲ್ವಾ?"

"ಊ ಕಣಮ್ಮ. ಇನ್ಯಾರು ಕೊಡ್ತಾರೆ? ಬರ್ದೂ ಇಕ್ಕಿವ್ನಿ. ನನ್ ಅಕ್ಸರ ನೀವು ಓದ್ಬೇಕು ಅಷ್ಟೇಯ."

"ಯುಗಾದಿ ಆದ ಮೇಲೆ ಯಾರು ತಗೊಂಡ್ರು?"

"ವರ್ಸದ್ ಮಾತು. ನೆನ್ನೆ ಉಂಡಿದ್ದೇ ಗ್ಯಾಪ್ಕ ಇಲ್ಲ."

ಪುಸ್ತಕ ಬೀರುವಿನ ಕೆಳಗಿನ ಅರೆಯಲ್ಲಿತ್ತು. ಚೂಡಾಮಣಿ ನೆಲದ ಮೇಲೇ ಕೂತು ಹಾಳೆ ತಿರುವಿದಳು. ಮಾರ್ಚ್ ನಡುವಿಗೆ ಅವಳ ಸಣ್ಣ ಅಕ್ಷರ ನಿಂತು ಚಿಕ್ಕಬೋರಯ್ಯನ ಗುಂಡು ಅಕ್ಷರ ಶುರುವಾಗುತ್ತಿತ್ತು.

ಏಪ್ರಿಲ್ ಎರಡು. ಕ್ಯಾಮರ ಒಂದು. ರೀಲು ಒಂದು. ಪಡೆದವರ ಸಹಿ.

ಹೆಸರನ್ನು ಓದಲು ಆಗುತ್ತಿರಲಿಲ್ಲ, ಅಷ್ಟು ಅವಸರದ ಸಹಿ. ಕೊನೆಯ ಅಕ್ಷರದಿಂದ ಒಂದು ಬಾಲ ಹೊರಟಿತ್ತು. ಹಿಂದಕ್ಕೆ ಹೋಗಿ ಹೆಸರಿನ ಕೆಳಗೆ ಹಾವಿನಂತೆ ಸುತ್ತಿಕೊಂಡಿತ್ತು.

ಮೇಜಿನ ಮೇಲೆ ರವಾನೆ ಪುಸ್ತಕ ಇನ್ನೂ ತೆರೆದೇ ಇತ್ತು. ಅವಳು ಎರಡನ್ನೂ ಪಕ್ಕಪಕ್ಕ ಇಟ್ಟಳು. ಇಡುವ ಅಗತ್ಯವಿರಲಿಲ್ಲ. ಆದರೂ ಇಟ್ಟಳು, ಕೈಗೆ ಇನ್ನೇನು ಮಾಡಬೇಕೋ ತಿಳಿಯದೆ.

ಆಗ ಉಳಿದದ್ದೂ ಬಂದು ಸೇರಿಕೊಂಡಿತು. 'ಲೇಖಕನೇ ಚರ್ಚೆ ಬರೆಯಬಹುದೇ' ಎಂದು ಅವಳು ಹೋಗಿ ಕೇಳಿದ್ದು ಯಾರನ್ನು? ಸಂಪತ್ ಕುಮಾರ ಹೊಸಕೊಪ್ಪಲಿನ ಬಗ್ಗೆ ಏನೋ ಬರೆಯಲಿದ್ದಾನೆ ಎಂದು ಅವರಿಗೆ ಗೊತ್ತಾದದ್ದು ಯಾರಿಂದ? ಮೂರು ದಿನದ ಮೇಲೆ ಅವನು ನಾಲೆಯಲ್ಲಿದ್ದ.

"ಬೋರಯ್ಯ, ಆಫೀಸಿನ ಬೀಗ ತೆಗಿ. ಫೋನ್ ಮಾಡಬೇಕು."

"ಸನಿವಾರ ಕಣಮ್ಮ, ಗುಮಾಸ್ತರಿಗೆ ಗೊತ್ತಾದ್ರೆ..."

"ತೆಗಿ."

ಆ ಹೆಂಗಸಿನ ಗಂಟಲಿನಿಂದ ಅಂಥ ದನಿ ಬಂದದ್ದನ್ನು ಅವನು ಕೇಳಿರಲಿಲ್ಲ. ತೆಗೆದ.

ಟ್ರಂಕ್ ಕಾಲ್ ಬುಕ್ ಮಾಡಿ ಅವಳು ನಿಂತೇ ಇದ್ದಳು. ಗೋಡೆಯ ಗಡಿಯಾರ ಒಂದು ಹೊಡೆಯಿತು. ಮಂಡ್ಯದಿಂದ ಮದ್ದೂರು ಹನ್ನೆರಡು ಮೈಲಿ. ಎತ್ತಿನ ಗಾಡಿ, ಕಬ್ಬಿನ ಲಾರಿ ಎಷ್ಟೇ ಅಡ್ಡ ಬಂದರೂ ಕಾರಿಗೆ ಮುಕ್ಕಾಲು ಗಂಟೆ. ತಲುಪಿ ಒಂದು ಗಂಟೆಯಾಗಿರಬೇಕು. ಮರಿತಾಯಮ್ಮ ಇಷ್ಟು ಹೊತ್ತಿಗೆ ಬೆಂಚಿನ ಮೇಲೆ ಕೂತು ಚೌಡಯ್ಯನವರಿಗೆ ಗದ್ದೆ ಕಳೆಯಂಥ ಕೂದಲಿನ ಕಥೆ ಹೇಳುತ್ತಿರಬೇಕು. ಹಾಗೇ ಇರಲಿ ಎಂದು ಮೇಲುಕೋಟೆಯ ಚೆಲುವರಾಯಸ್ವಾಮಿಗೆ ಹರಕೆ ಹೊತ್ತಳು.

ಒಂದೂಕಾಲಕ್ಕೆ ಫೋನು ಬಡಿಯಿತು.

"ಅಲೋ. ಯಾರು?" ಕಾನ್‌ಸ್ಟೇಬಲ್ ಒಬ್ಬನ ದನಿ, ಬಾಯಲ್ಲಿ ಎಲೆಯಡಿಕೆ. "ಇನ್ಸ್‌ಪೆಕ್ಟ್ರು ಸೋಮ್ನಳ್ಳಿಗೆ ಓಗವ್ರೆ. ಲಾರಿ ಮಗುಚೈತೆ. ಸಂಜೀಗೆ ಬತ್ತಾರೆ."

"ಮಂಡ್ಯದ ಕಾಲೇಜಿಂದ ಮಾತಾಡ್ತಿದ್ದೀನಿ. ಚಲುವನಾರಾಯಣ ಅನ್ನೋರು ಬಂದ್ರಾ?"

"ಬೆತ್ತದ ಕೋಲ್ನೋರಾ? ಬಂದಿದ್ರು, ಬಂದಿದ್ರು. ಒಳ್ಳೆ ಮನುಸ್ರು. ಎಲ್ರುಗೂ ಬಾಳೆಅಣ್ಣು ಕೊಟ್ಟೋದ್ರು."

"ಅವರ ಜೊತೆ ಬಂದ ಹೆಂಗಸು ಅಲ್ಲೇ ಇದ್ದಾಳಾ? ಕೆಂಪಸಿದ್ದಯ್ಯನ ಹೆಂಡತಿ."

"ಯಾವ ಎಂಗ್ಸು? ಅವ್ರೊಬ್ರೇ ಬಂದ್ರು ಕಣಮ್ಮ."

ಚೂಡಾಮಣಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಸರಿಯಾಗಿ ನೆನಪು ಮಾಡ್ಕೊಳಿ. ಕಾರಿನಲ್ಲಿ ಯಾರಾದ್ರೂ ಕೂತಿದ್ರಾ?"

"ಬಾಗ್ಲಲ್ಲೇ ನಿಂತಿದ್ದೆ ನಾನು. ಯಾರೂ ಇರ್ನಿಲ್ಲ. ಒಂದು ಬುತ್ತಿ ಗಂಟು ತಂದಿದ್ರು, ಕೆಂಪಸಿದ್ದಯ್ಯಂಗೆ ಕೊಡಿ ಅಂತ. ಕೊಟ್ಟೆ. ಮಲ್ವಳ್ಳಿ ದಾರಿಗೆ ತಿರುಕ್ಕೊಂಡು ಓದ್ರು."

ನನ್ನ ಕೈಯಿಂದಲೇ ಅವರ ಕೈಗೆ ಹೋಗಬೇಕು ಎಂದಿದ್ದಳು ಮರಿತಾಯಮ್ಮ.

"ಒಂದು ಕವರು ಕೊಟ್ರಾ?"

"ಊ, ಕೊಟ್ರು. ಟೇಬಲ್ ಮ್ಯಾಲೇ ಐತೆ."

"ತೆಗೆದು ನೋಡಿ. ದಯವಿಟ್ಟು."

ಕಾಗದ ಹರಿದ ಸದ್ದು. ಕುರ್ಚಿ ಎಳೆದ ಸದ್ದು. ಯಾರಿಗೋ "ತಡೀಲಾ, ಬಂದೆ" ಎಂದದ್ದು.

"ಒಂದು ಫೋಟ ಐತೆ. ಗುಂಡಿ ಒಳಗೆ ಬೋಳ್ ತಲೆಯೋನು ಒಬ್ಬ ನಿಂತವ್ನೆ."

"ಎಡಗಡೆ? ಎಡಗಡೆ ನಾಲೆ ಇದೆಯಲ್ಲ, ಕುರಿ ಇವೆಯಲ್ಲ? ಕೊಡೆ ಹಿಡಿದು ಒಬ್ಬರು ಕೂತಿದ್ದಾರಲ್ಲ?"

ಅವನು ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಿರಬೇಕು.

"ಎಡ್ಗಡೆ ಏನೂ ಇಲ್ಲ ಕಣಮ್ಮ. ಅಷ್ಟೇಯ ಫೋಟ. ಕತ್ರೀಲಿ ನೀಟಾಗಿ ಕತ್ತರ್ಸವ್ರೆ," ಎಂದ. "ಅಂಚ್ನಲ್ಲಿ ಕೆಂಪು ಪೆನ್ಸಿಲ್ ಗೀಟು ಮಾತ್ರ ಉಳ್ಕೊಂಡೈತೆ. ಯಾರೋ ಸ್ಕೇಲ್ ಮಡಿಗಿ ಎಳ್ದಿರೋದು."